ಎರಡು ತಲೆಗಾಗುವಷ್ಟು ಗೋರಂಟಿ

ಪತಾಸಿ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಇಪ್ಪತ್ತಾರು ವರ್ಷದಿಂದ ನನ್ನ ತಲೆಯ ಹಿಂಭಾಗವನ್ನು ಕಂಡವಳು ಅವಳೊಬ್ಬಳೇ. ಗೋರಂಟಿಗೆ ಹೆಸರಾದ ನಮ್ಮ ಸೋಜತ್‌ನಲ್ಲಿ ಹೆಂಗಸರ ಕೂದಲು ತಲೆಗೆ ಹೊದೆಯುವ ಓಢಣಿಯ ಕೆಳಗೇ ಬೆಳೆದು ಓಢಣಿಯ ಕೆಳಗೇ ಬೆಳ್ಳಗಾಗುತ್ತದೆ. ಅದರ ಬಣ್ಣ ಕಟ್ಟಿಕೊಂಡ ಗಂಡನಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಆದರೂ ತಿಂಗಳಿಗೊಮ್ಮೆ ನಾವಿಬ್ಬರೂ ಅಂಗಳದಲ್ಲಿ ಕೂತು ಒಬ್ಬರ ತಲೆಗೆ ಇನ್ನೊಬ್ಬರು ಗೋರಂಟಿ ಹಚ್ಚುತ್ತಿದ್ದೆವು. ಹೊಲದ ತುಂಬ ಗೋರಂಟಿ ಬೆಳೆದು ಬಿಳಿ ತಲೆ ಹೊತ್ತು ತಿರುಗುವುದಕ್ಕೆ ನಮಗೆ ನಾಚಿಕೆ, ಅಷ್ಟೇ.

ಜಗಳವಾದದ್ದು ನನ್ನ ಮಗಳು ಇಂದ್ರಾಳ ನಿಶ್ಚಿತಾರ್ಥದ ದಿನ. ಬೀಗಿತಿ ನನ್ನ ಹಣೆಯಂಚಿನ ಕೆಂಪು ಕೂದಲು ನೋಡಿ, "ನಿಮಗೆ ವಯಸ್ಸೇ ಆಗಿಲ್ಲ ಬಿಡಿ" ಎಂದಳು. ನಾನಿನ್ನೂ ಹಿಗ್ಗುತ್ತಿರುವಾಗಲೇ ಪತಾಸಿ ಬಾಯಿ ಹಾಕಿದಳು.

"ಎಲ್ಲಾ ನನ್ನ ಕೈ ಮಹಿಮೆ ಕಣ್ರೀ! ಬಣ್ಣ ತೆಗೆದು ನೋಡಿದ್ರೆ ಇವಳ ತಲೆ ಹಿಂಜಿದ ಹತ್ತಿ."

ಎಲ್ಲರೂ ನಕ್ಕರು. ಬೀಗಿತಿಯಂತೂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನನಗೆ ಮೈಯೆಲ್ಲ ಉರಿದುಹೋಯಿತು. ಜನ ಎದ್ದು ಹೋದ ಮೇಲೆ ನಾನು ಸುಮ್ಮನಿರಲಿಲ್ಲ.

"ಭಾಭೀಸಾ, ನಿಮ್ಮ ಕೈಲೇನಿದೆ ಮಹಿಮೆ? ನನ್ನ ಹೊಲದ ಸೊಪ್ಪಿಲ್ಲದಿದ್ರೆ ಅದು ಬರೀ ಸಗಣಿ ತಟ್ಟೋ ಕೈ."

"ಹೌದಾ ಬೀನಣಿ? ಹಾಗಾದ್ರೆ ಇನ್ನು ಈ ಕೈ ನಿನ್ನ ತಲೆ ಮುಟ್ಟಲ್ಲ, ಹೋಗು" ಎಂದಳು. ಮದುವೆಯಾಗಿ ಬಂದ ದಿನದಿಂದ ಅವಳು ನನ್ನನ್ನು ಬೀನಣಿ, ಹೊಸ ಸೊಸೆ ಎಂದೇ ಕರೆಯುವುದು. ಅಂದು ಆ ಮಾತೂ ನಿಂತಿತು.

ಹಾಗೇ ನಾಲ್ಕು ತಿಂಗಳು ಕಳೆಯಿತು. ಒಂದೇ ಅಂಗಳ, ಎರಡು ಒಲೆ. ಹೇಳಲೇಬೇಕಾದದ್ದೇನಾದರೂ ಇದ್ದರೆ ಅಂಗಳದ ಎಮ್ಮೆಗೆ ಹೇಳುತ್ತಿದ್ದೆವು. "ಎಮ್ಮೇ, ನಲ್ಲೀಲಿ ನೀರು ಬಂತು, ಬೇಕಾದೋರು ಹಿಡ್ಕೊಳ್ಳಲಿ" ಎಂದು ಅವಳು. "ಎಮ್ಮೇ, ಒಣಗಿದ ಬಟ್ಟೆ ಯಾರದೋ ತಗೊಂಡು ಹೋಗಲಿ" ಎಂದು ನಾನು. ಎಮ್ಮೆ ಪಾಪ, ಇಬ್ಬರ ಮಾತಿಗೂ ಕಿವಿಯಾಡಿಸುತ್ತಿತ್ತು.

ಅಷ್ಟರಲ್ಲಿ ಮದುವೆ ಹತ್ತಿರ ಬಂತು. ಮದುವೆಗೆ ಮೊದಲು ಮಾಯರಾ ಇರುತ್ತದೆ. ತವರಿನಿಂದ ಒಡಹುಟ್ಟಿದವನು ಡೋಲು ಬಾರಿಸಿಕೊಂಡು ಉಡುಗೊರೆ ತಂದು, ಬಾಗಿಲ ಮಣೆಯ ಮೇಲೆ ನಿಂತ ಮದುಮಗಳ ತಾಯಿಗೆ ಕೆಂಪು ಚುನರಿ ಹೊದಿಸುತ್ತಾನೆ. ಚುನರಿ ಏರುವಾಗ ಹಳೆಯ ಓಢಣಿ ಜಾರುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು ತಲೆ ಬರಿದಾಗುತ್ತದೆ, ಬೀದಿಯ ಹೆಂಗಸರೆಲ್ಲ ಹಿಂದೆ ನಿಂತು ಅದನ್ನೇ ಕಾಯುತ್ತಿರುತ್ತಾರೆ. ಹತ್ತಿಯ ಮಾತು ಅವರ ಕಿವಿಗೂ ಬಿದ್ದಿತ್ತು. ಅವರಿಗೆ ಕಣ್ಣಾರೆ ತೋರಿಸುವುದಕ್ಕಿಂತ ಬಾವಿಗೆ ಬೀಳುವುದೇ ವಾಸಿ ಎನಿಸಿತು.

"ಪಾರ್ಲರ್‌ಗೆ ಹೋಗು ಮಾ" ಎಂದಳು ಇಂದ್ರಾ.

"ಸೋಜತ್‌ನಲ್ಲಿ ಹುಟ್ಟಿ ದುಡ್ಡು ಕೊಟ್ಟು ಗೋರಂಟಿ ಹಚ್ಚಿಸ್ಕೊಳ್ಳಲಾ? ಕೇಳಿದೋರು ಉಗೀತಾರೆ."

ಮಾಯರಾಕ್ಕೆ ಎರಡು ದಿನವಿದೆ ಎನ್ನುವಾಗ ಎರಡು ಕನ್ನಡಿ ಇಟ್ಟುಕೊಂಡು ನಾನೇ ಹಚ್ಚಲು ಕೂತೆ. ಕನ್ನಡಿಯೊಳಗಿನ ಕೈ ಎಡಕ್ಕೆ ಹೋಗು ಎಂದರೆ ಬಲಕ್ಕೆ ಹೋಗುತ್ತಿತ್ತು. ಗೋರಂಟಿ ಕತ್ತಿನಿಂದಿಳಿದು ಬೆನ್ನು ಸೇರಿತು. ಎಮ್ಮೆಗೆ ಹಿಂಡಿ ಕಲಸುತ್ತಿದ್ದ ಪತಾಸಿ ಅಲ್ಲಿಂದಲೇ ಶುರು ಮಾಡಿದಳು.

"ನೋಡೇ ಎಮ್ಮೆ, ನೀನು ಕೆಸರಲ್ಲಿ ಹೊರಳಿದ್ರೂ ಇದಕ್ಕಿಂತ ಸಮನಾಗಿ ಮೆತ್ಕೊಳ್ತೀಯ."

"ಎಮ್ಮೇ, ಕಂಡೋರ ತಲೆ ನೋಡೋರಿಗೆ ಮೊದಲು ತಮ್ಮ ತಲೆ ನೋಡ್ಕೊಳ್ಳೋಕೆ ಹೇಳು!"

ಯಾವತ್ತೂ ಮಾತು ಬಾಕಿ ಇಡದವಳು ಅಂದು ಓಢಣಿಯನ್ನು ಮುಂದಕ್ಕೆಳೆದುಕೊಂಡು ಒಳಗೆ ಹೋಗಿಬಿಟ್ಟಳು. ಗೆದ್ದೆ ಎಂದುಕೊಂಡೆ.

ತಲೆ ತೊಳೆದು ಒಣಗಿಸಿದ ಮೇಲೆ ಇಂದ್ರಾ ಹಿಂದಿನಿಂದ ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದಳು. ಮುಂದೆ ಕ್ಯಾರೆಟ್ಟಿನ ಬಣ್ಣ. ಹಿಂದೆ ಬುಡವೆಲ್ಲ ಅಪ್ಪಟ ಬಿಳಿ, ನಡುವೆ ಅಲ್ಲಲ್ಲಿ ನನ್ನ ಹೆಬ್ಬೆಟ್ಟಿನ ಗುರುತು.

"ಮಾ, ಮುಂದಿಂದ ಮದುಮಗಳು, ಹಿಂದಿಂದ ಅಜ್ಜಿ!" ಎಂದು ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ನಗುತ್ತಾ ನಗುತ್ತಾ ಅಳು ಬಂದುಬಿಟ್ಟಿತು. ಕೂದಲಿಗಾಗಿ ಅಲ್ಲ. ಮದುವೆಯ ಮನೆಯಲ್ಲಿ ಎಮ್ಮೆಯ ಜೊತೆ ಮಾತಾಡಿ ಮಾತಾಡಿ ನನಗೆ ಸಾಕಾಗಿತ್ತು. ನನಗೆ ಪತಾಸಿ ಬೇಕಿತ್ತು.

ಅಂದು ಸಂಜೆ ಗೋರಂಟಿ ಪುಡಿಯನ್ನು ಹಳೆಯ ತೆಳು ಮಲ್ಲು ಬಟ್ಟೆಯಲ್ಲಿ ಮೂರು ಸಲ ಸೋಸಿದೆ. ಗಟ್ಟಿ ಚಹಾ ಡಿಕಾಕ್ಷನ್ ಹಾಕಿ, ನಿಂಬೆ ಹಿಂಡಿ, ಎರಡು ತಲೆಗಾಗುವಷ್ಟು ನೆನೆಸಿಟ್ಟೆ. ಮರುದಿನ ಊಟವಾದ ಮೇಲೆ ಬೋಗುಣಿ ಎತ್ತಿಕೊಂಡು ಅವಳ ಅಡಿಗೆಮನೆಯ ಹೊಸ್ತಿಲು ದಾಟಿದೆ.

ಒಲೆಯ ಸೆಕೆಗೆ ಅವಳು ಓಢಣಿ ತೆಗೆದಿಟ್ಟಿದ್ದಳು. ಬೈತಲೆಯ ಎರಡೂ ಬದಿಗೆ ಮೂರು ಬೆರಳಗಲ ಕೂದಲು ಬೆಳ್ಳಗಿತ್ತು. ಒಂದು ಬಿಳಿ ಎಳೆ ಕಂಡರೂ ಊಟ ಸೇರದವಳು ನಾಲ್ಕು ತಿಂಗಳಿಂದ ಏನನ್ನೂ ಹಚ್ಚಿಕೊಂಡಿರಲಿಲ್ಲ. ನಿನ್ನೆ ನಾನು ಆಡಿದ ಮಾತು ನೆನಪಾಗಿ ನನಗೇ ಹೇಸಿಗೆಯಾಯಿತು.

"ಭಾಭೀಸಾ, ಇದೇನಿದು?" ಎಮ್ಮೆಯನ್ನು ಬಿಟ್ಟು ನೇರವಾಗಿಯೇ ಕೇಳಿದೆ.

"ಏನು ಏನು? ಸೊಪ್ಪು ನಿನ್ನ ಹೊಲದ್ದು. ಕದ್ದು ತಂದು ಹಚ್ಕೊಳ್ಳಲಾ?"

"ಊರ ತುಂಬಾ ಗೋರಂಟಿ ಇದೆಯಲ್ಲ?"

"ಊರ ತುಂಬಾ ಸುಗನಿ ಇದ್ದಾಳಾ?" ಎಂದಳು ನನ್ನ ಹೆಸರು ಹಿಡಿದು. ಆಮೇಲೆ ಮೂಗು ಒರೆಸಿಕೊಂಡು, "ಸುಮ್ನೆ ನಿಂತಿದ್ದೀಯಲ್ಲ, ಕೂತ್ಕೋ ಬೀನಣಿ. ಆ ನಿನ್ನ ಹಿಂದಲೆ ನೋಡಿ ನಿನ್ನೆಯಿಂದ ನನ್ನ ಕೈ ತುರಿಸ್ತಿದೆ" ಎಂದಳು.

ಕೂತೆವು. ಅವಳ ಬೆರಳು ಬೈತಲೆ ಬಿಡಿಸಿ ಬುಡಬುಡಕ್ಕೆ ತಣ್ಣಗೆ ಇಳಿಯುತ್ತಿದ್ದಂತೆ ಕಣ್ಣು ತಾನಾಗಿ ಮುಚ್ಚಿತು. ನಾಲ್ಕು ತಿಂಗಳ ಸುದ್ದಿಯನ್ನೆಲ್ಲ ಒಂದೇ ಉಸಿರಿಗೆ ಹೇಳಿಕೊಂಡೆವು. ಬೀಗಿತಿಯ ಮೂಗುಬೊಟ್ಟನ್ನೂ ಬಿಡಲಿಲ್ಲ. ನನ್ನ ತಲೆ ಮುಗಿದು ಅವಳದ್ದೂ ಮುಗಿದ ಮೇಲೆ, ಇಬ್ಬರೂ ಹರಳು ಗಿಡದ ಎಲೆ ಮುಚ್ಚಿ ಹಳೆಯ ಬಟ್ಟೆ ಬಿಗಿದು ಬಿಸಿಲಿಗೆ ಕೂತೆವು. ಇನ್ನು ಮೂರು ಗಂಟೆ ಅಲುಗುವ ಹಾಗಿರಲಿಲ್ಲ.

ಅರ್ಧ ಗಂಟೆಯೂ ಆಗಿರಲಿಲ್ಲ, ಬೀದಿಯಲ್ಲಿ ಡೋಲು ಕೇಳಿಸಿತು. ಇಂದ್ರಾ ಓಡಿ ಬಂದಳು.

"ಮಾ! ಮಾಮ ಬಂದುಬಿಟ್ಟ! ನಾಳೆ ಲಾರಿ ಸಿಗಲ್ಲ ಅಂತ ಇವತ್ತೇ ಹೊರಟನಂತೆ!"

ಮಾಯರಾ ತಂದ ತಮ್ಮನನ್ನು ಬಾಗಿಲಲ್ಲಿ ಕಾಯಿಸುವಂತಿಲ್ಲ. ಈಗಲೇ ತೊಳೆದರೆ ಬಣ್ಣ ಹಿಡಿಯುವುದಿಲ್ಲ, ಮತ್ತದೇ ಅರ್ಧ ಅಜ್ಜಿ. ಏನು ಮಾಡಲಿ ಎಂದು ಪತಾಸಿಯ ಮುಖ ನೋಡಿದೆ.

"ಹಾಗೇ ನಡಿ" ಎಂದಳು. "ನಾನೂ ಬರ್ತೀನಿ. ನಗೋರು ಇಬ್ಬರನ್ನೂ ನೋಡಿ ನಗಲಿ."

ಮೆತ್ತಿದ ತಲೆಯ ಮೇಲೆ ಕೈಗೆ ಸಿಕ್ಕಿದ ಓಢಣಿ ಹೊದ್ದು, ಹಿರಿಯರಿದ್ದಾರೆಂದು ಎದೆಯವರೆಗೆ ಮುಸುಕು ಎಳೆದು ಇಬ್ಬರೂ ಬಾಗಿಲಿಗೆ ಬಂದೆವು. ಬೀದಿಯೆಲ್ಲ ಅಲ್ಲೇ ಸೇರಿತ್ತು. ಎರಡು ಕುಂಬಳಕಾಯಿ ಬಂದಂತೆ ಬಂದ ನಮ್ಮನ್ನು ನೋಡಿ ಹೆಂಗಸರು ಹೋ ಎಂದರು. ಆಶ್ಚರ್ಯವೆಂದರೆ ನನಗೆ ನಾಚಿಕೆಯೇ ಆಗಲಿಲ್ಲ. ಮುಸುಕಿನೊಳಗೆ ನಗು ತಡೆಯುವುದೇ ಕಷ್ಟವಾಗಿತ್ತು. ನಾನು ಮಣೆ ಹತ್ತಿ ಆರತಿ ಎತ್ತಿದ್ದೇ ಗಾಳಿಗೆ ದೀಪ ಆರಿತು. ಹಚ್ಚಿಕೊಳ್ಳಲು ನಾನು ಮಣೆಯಿಂದಿಳಿದು ಪಕ್ಕಕ್ಕೆ ತಿರುಗಿದೆ. ಜನರ ನೂಕಾಟಕ್ಕೆ ನಿಲ್ಲಲು ಜಾಗ ಸಾಲದೆ ಪತಾಸಿ ಮಣೆ ಹತ್ತಿದಳು.

ನನ್ನ ತಮ್ಮ ಪೂಸಾರಾಮನಿಗೆ ಮೊದಲೇ ಅವಸರ. ಮಣೆಯ ಮೇಲೆ ಮುಸುಕು, ಮುಸುಕಿನೊಳಗೆ ದುಂಡು ತಲೆ. ಅಷ್ಟು ನೋಡಿದ್ದೇ ಚುನರಿ ಕೊಡವಿ ಹೊದಿಸಿಯೇಬಿಟ್ಟ.

ಡೋಲು ನಿಂತಿತು. ಪತಾಸಿಗೆ ವೀರಾ ಎಂದು ಕರೆಯಲು ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲ. ಅವಳ ಇಬ್ಬರು ಹೆಣ್ಣುಮಕ್ಕಳ ಮದುವೆಯಲ್ಲೂ ಈ ಬಾಗಿಲಿಗೆ ಮಾಯರಾ ಬಂದಿರಲಿಲ್ಲ. ಅದು ಬರಬೇಕಾದ ಹೊತ್ತಿಗೆ ಅವಳು ಒಳಗೆ ಹೋಗಿ, ಬೇಕಿಲ್ಲದಿದ್ದರೂ ಹಿಟ್ಟು ನಾದುತ್ತಾ ಕೂತಿದ್ದಳು. ನಾನು ನೋಡಿಯೂ ನೋಡದಂತಿದ್ದೆ.

"ಅಯ್ಯೋ, ನಾನಲ್ಲಪ್ಪ! ನಿಮ್ಮಕ್ಕ ಅಲ್ಲಿದ್ದಾಳೆ" ಎಂದು ಅವಳು ಕೈ ಎತ್ತಿ ಚುನರಿ ಎಳೆಯತೊಡಗಿದಳು. ನಾನು ಆ ಕೈ ಹಿಡಿದುಕೊಂಡೆ.

"ತೆಗೆದೀರಾ ಜೋಕೆ" ಎಂದೆ. "ವೀರಾ, ನೀನು ಸರಿಯಾಗೇ ಹೊದಿಸಿದ್ದೀಯ."

ತಮ್ಮ ನನ್ನನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ ಬಗ್ಗಿ ಪತಾಸಿಯ ಕಾಲು ಮುಟ್ಟಿದ. "ಇಬ್ಬರು ಅಕ್ಕಂದಿರು ಅಂತ ಮೊದಲೇ ಹೇಳಬಾರದಾ? ಎರಡು ಚುನರಿ ತರ್ತಿದ್ದೆ" ಎಂದು, ಓರಗಿತ್ತಿಗೆಂದು ತಂದಿದ್ದ ಹಳದಿ ಓಢಣಿಯನ್ನು ನನ್ನ ತಲೆಗೆ ಹಾಕಿದ. ಡೋಲಿನವನು ಮತ್ತೆ ಬಾರಿಸತೊಡಗಿದ.

ಪತಾಸಿ ಎರಡೂ ಕೈಯಿಂದ ಚುನರಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು ಅಲುಗದೆ ನಿಂತಿದ್ದಳು. ಹೊಸ ಬಟ್ಟೆಯ ಮೇಲೆ ಗೋರಂಟಿ ಒಸರಿ ಹಸಿರು ಕಲೆ ಹರಡುತ್ತಿತ್ತು. ಆಮೇಲೆ ನನ್ನ ಓರಗಿತ್ತಿ, ಐವತ್ತೆಂಟು ವರ್ಷದ ಹೆಂಗಸು, ಬಾಗಿಲಿನ ಒಂದು ಬದಿಗೆ ಸರಿದು ಹುಟ್ಟಿದ ಮೇಲೆ ಮೊದಲ ಬಾರಿಗೆ ಕರೆದಳು: "ವೀರಾ, ಒಳಗೆ ಬಾ."