ಎರಡನೆಯ ಸಂಪುಟ

ತ್ರ್ಯಂಬಕ ಸರ್ ಅವರಿಗೆ ಪಟ್ಟಿ ಮಾಡುವುದೆಂದರೆ ಮೊದಲಿನಿಂದಲೂ ಇಷ್ಟ. ಕಿರಾಣಿ ಚೀಟಿಯನ್ನೂ ತಲೆಬರಹ ಕೊಟ್ಟು, ಕೆಳಗೆ ಗೆರೆ ಎಳೆದು ಬರೆಯುವ ಮನುಷ್ಯ. ಹೀಗಾಗಿ ಬೈಲಹೊಂಗಲದ ಆ ಸಣ್ಣ ಕಲಾ ಕಾಲೇಜಿಗೆ ಐವತ್ತು ವರ್ಷ ತುಂಬಿ, ‘ನಮ್ಮ ಹೆಮ್ಮೆಯ ಪದವೀಧರರು’ ಎಂದು ಗೋಡೆಗೊಂದು ಫಲಕ ಹಾಕುವುದೆಂದು ಠರಾವಾದಾಗ, ಇಪ್ಪತ್ತೈದು ಹೆಸರು ಆರಿಸುವ ಕೆಲಸ ಬೇರೆ ಯಾರ ಪಾಲಿಗೂ ಹೋಗಲಿಲ್ಲ. ಅವರು ಆ ಕಾಲೇಜಿನ ಮೊದಲ ವರ್ಷದ ತಂಡದಲ್ಲಿ ಬಿ.ಎ. ಮಾಡಿ, ಅಲ್ಲಿಯೇ ಮೂವತ್ತಾರು ವರ್ಷ ಇತಿಹಾಸ ಕಲಿಸಿ ನಿವೃತ್ತರಾದವರು. ಪಟ್ಟಿಯ ಮೂರನೆಯ ಹೆಸರು ಅವರದೇ ಆಗಿತ್ತು. ಮೊದಲನೆಯದಾಗಿ ಬರೆದುಕೊಳ್ಳಲು ಸಂಕೋಚವಾಗಿತ್ತು, ಬಿಟ್ಟುಬಿಡಲು ಮನಸ್ಸು ಬಂದಿರಲಿಲ್ಲ.

ಒಬ್ಬ ತಹಶೀಲ್ದಾರ, ಇಬ್ಬರು ವಕೀಲರು, ಕಿತ್ತೂರಿನ ಒಬ್ಬ ಪತ್ರಕರ್ತ, ರಾಮದುರ್ಗದ ನಾಟಕದ ಮಾಸ್ತರು, ಹೀಗೆ ಹೆಕ್ಕಿ ಹೆಕ್ಕಿ ಇಪ್ಪತ್ತನಾಲ್ಕು ಹೆಸರಾದವು. ಇಪ್ಪತ್ತೈದನೆಯದಕ್ಕೆ ಬಂಡಿ ನಿಂತಿತು. ಸಣ್ಣ ಕಾಲೇಜಿನಲ್ಲಿ ದೊಡ್ಡವರನ್ನು ಹುಡುಕುವುದು ಸುಲಭದ ಮಾತಲ್ಲ. ಆಗ ಗ್ರಂಥಾಲಯ ನೋಡಿಕೊಳ್ಳುವ ಶ್ರದ್ಧಾ ಎಂಬ ಹುಡುಗಿ ಒಂದು ಹಳೆಯ ಟ್ರಂಕು ತೆಗೆದಳು. ಯಾರೂ ಬಂದು ಒಯ್ಯದ ಪದವಿ ಸರ್ಟಿಫಿಕೇಟುಗಳು ಅದರಲ್ಲಿದ್ದವು.

"ಸರ್, ಇದೊಂದು ನೋಡ್ರಿ. ಗುರುಬಸವ್ವ ವೀರಪ್ಪ ಅಂಗಡಿ, ಸಿರಸಂಗಿ. ಎಂಬತ್ತೊಂಬತ್ತನೇ ಇಸವಿ. ಇತಿಹಾಸದಾಗ ಯೂನಿವರ್ಸಿಟಿಗೆ ಮೂರನೇ ರ‍್ಯಾಂಕು! ಇವರ ಹೆಸರು ಪಟ್ಟ್ಯಾಗ ಯಾಕಿಲ್ಲ?"

ಸರ್ಟಿಫಿಕೇಟಿಗೆ ತುಕ್ಕು ಹಿಡಿದ ಟಾಚಣಿಯಿಂದ ಒಂದು ಚೀಟಿ ಚುಚ್ಚಿದ್ದರು. ‘ಶಾಸನ ಸಂಪುಟ ೨ ಮರಳಿಲ್ಲ. ಟಿ.ಸಿ., ಸರ್ಟಿಫಿಕೇಟ್ ಕೊಡಕೂಡದು.’ ಕೆಳಗೆ ಆಗಿನ ಗ್ರಂಥಪಾಲಕ ಮಡಿವಾಳೆಪ್ಪನವರ ಸಹಿ. ಈಗ ತೀರಿಕೊಂಡಿರುವ ಮಡಿವಾಳೆಪ್ಪನವರು ಬಲು ಖಡಕ್ ಆಸಾಮಿ. ಸಾದಾ ಪುಸ್ತಕ ಕಳೆದರೆ ದಂಡ ಹಾಕಿ ಬಿಡುತ್ತಿದ್ದರು, ಆದರೆ ಮೂರು ಸಂಪುಟಗಳ ಸೆಟ್ಟಿನಲ್ಲಿ ಒಂದು ಕಳೆದರೆ ದಂಡ ಮುಟ್ಟುತ್ತಿರಲಿಲ್ಲ. ಅದೇ ಪುಸ್ತಕ ತಂದುಕೊಡಬೇಕು. ಆ ಶಾಸನ ಸಂಪುಟಗಳ ಅಚ್ಚು ಮುಗಿದು ಎಷ್ಟೋ ಕಾಲವಾಗಿತ್ತು.

ತ್ರ್ಯಂಬಕ ಸರ್ ಚೀಟಿ ಓದಿ ತಲೆ ಅಲ್ಲಾಡಿಸಿದರು. "ಭಾಳ ಶಾಣ್ಯಾ ಹುಡುಗಿ ಇದ್ಲು ಇಕಿ. ಗುರುಭಕ್ತಿ ಅಂದ್ರ ಇಕಿದು. ಆದ್ರ ಗ್ರಂಥಾಲಯದ ಪುಸ್ತಕ ಕಳದಾಕಿ ಹೆಸರು ಗ್ವಾಡಿಗೆ ಹಚ್ಚಿದ್ರ ಈಗಿನ ಮಕ್ಕಳು ಏನು ಕಲೀಬೇಕು? ಬ್ಯಾಡ, ಬಿಡು."

ಗುರುಭಕ್ತಿಯ ಮಾತು ಸುಮ್ಮನೆ ಬಂದದ್ದಲ್ಲ. ಆ ಹುಡುಗಿಯ ಕಥೆ ಅವರ ಭಾಷಣಗಳ ಖಾಯಂ ಸರಕು. ರಿಜಲ್ಟು ಬಂದ ವಾರ, ಅವರ ಮಗನ ಮುಂಜಿವೆಯ ದಿನ, ಆಕೆ ಸಿರಸಂಗಿಯಿಂದ ಬಸ್ಸು ಹಿಡಿದು ಮನೆಗೆ ಬಂದಿದ್ದಳು. ಏನು ಬಂದೆ ಎಂದು ಕೇಳಿದರೆ, "ಸುಮ್ನ ನಮಸ್ಕಾರ ಮಾಡಿ ಹೋಗೂಣಂತ ಬಂದೆರಿ" ಅಂದಿದ್ದಳು. ಬರೀ ನಮಸ್ಕಾರಕ್ಕಾಗಿ ಅಷ್ಟು ದೂರ! ಶಿಕ್ಷಕರ ದಿನಾಚರಣೆ ಇರಲಿ, ಬೀಳ್ಕೊಡುಗೆ ಇರಲಿ, ಈ ಕಥೆ ಹೇಳಿ ಅವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಎದುರಿಗೆ ಕೂತವರೂ ಒರೆಸಿಕೊಳ್ಳುತ್ತಿದ್ದರು.

ಮರುದಿನ ಅವರು ಮನೆಯಲ್ಲಿ ಪುಸ್ತಕ ಇಳಿಸುತ್ತಿದ್ದರು. ಆರುನೂರು ಪುಸ್ತಕಗಳನ್ನು ಕಾಲೇಜಿಗೆ ದಾನ ಕೊಡುವುದೆಂದು ಘೋಷಣೆಯಾಗಿತ್ತು. ಘೋಷಿಸಿದವರು ಸರ್, ಅದರ ಹಿಂದೆ ಇದ್ದವರು ಪತ್ನಿ ಸುಂದರಾಬಾಯಿ. ಧೂಳು ಹೊಡೆದು ಹೊಡೆದು ಅವರಿಗೆ ಸಾಕಾಗಿತ್ತು. ಮೇಲಿನ ಹಲಗೆಯ ಮೂಲೆಯಿಂದ ಖಾಕಿ ಕಾಗದದ ಹೊದಿಕೆ ಹಾಕಿದ ಒಂದು ದಪ್ಪ ಪುಸ್ತಕ ಕೈಗೆ ಬಂತು. ಬಿಡಿಸಿ ನೋಡಿದರೆ ಒಳಪುಟದ ಮೇಲೆ ಒತ್ತಿದ ಕಾಲೇಜಿನ ಸಿಕ್ಕಾ. ಶಾಸನಗಳ ಎರಡನೆಯ ಸಂಪುಟ. ಒಳಗಿನ ಚೀಟಿಯಲ್ಲಿ ಮಡಿವಾಳೆಪ್ಪನವರ ಮುತ್ತಿನಂಥ ಅಕ್ಷರ: ಗುರುಬಸವ್ವ ವಿ. ಅಂಗಡಿ, ಬಿ.ಎ. ಅಂತಿಮ ವರ್ಷ.

ತ್ರ್ಯಂಬಕ ಸರ್ ಸ್ಟೂಲಿನಿಂದ ಇಳಿದು ಅದರ ಮೇಲೆಯೇ ಕುಳಿತರು. ಎಲ್ಲ ನೆನಪಾಯಿತು. ಮಾಸ್ತರರಿಗೆ ಒಂದು ಸಲಕ್ಕೆ ಐದು ಪುಸ್ತಕ ಮಾತ್ರ ಎಂದು ಆಗ ನಿಯಮ. ಐದು ಮುಗಿದರೆ ವಿದ್ಯಾರ್ಥಿಗಳ ಕಾರ್ಡಿನ ಮೇಲೆ ಇದ್ದದ್ದನ್ನು ಇಸಿದುಕೊಳ್ಳುವುದು ಎಲ್ಲ ಮಾಸ್ತರರ ರೂಢಿ. ಯಾರೂ ಅದನ್ನು ತಪ್ಪೆಂದು ತಿಳಿದಿರಲಿಲ್ಲ. ಕಾಲೇಜಿನ ಪಡಸಾಲೆಯಲ್ಲಿ ಆಕೆ ಪುಸ್ತಕ ಎದೆಗವಚಿಕೊಂಡು ಹೊರಟಿದ್ದಳು. ಇವರೇ ತಡೆದು ಕೇಳಿದ್ದರು: "ತಂಗಿ, ಎರಡು ದಿನಕ್ಕ ಕೊಡು. ಒಂದು ಲೇಖನಾ ಬರೀಬೇಕಾಗ್ಯದ." ಆಕೆ ಕೂಡಲೇ ಕೊಟ್ಟಿದ್ದಳು. ಲೇಖನವನ್ನು ಅವರು ಬರೆಯಲೇ ಇಲ್ಲ. ಪುಸ್ತಕವನ್ನು ಮರೆತೇಬಿಟ್ಟರು.

ಈಗ ದಾನದ ಪುಸ್ತಕ ತುಂಬುವ ರಟ್ಟಿನ ಡಬ್ಬಿ ಎದುರಿಗೇ ಇತ್ತು. ಆರುನೂರರ ಜೊತೆ ಇದೂ ಒಂದು ಹೋದರೆ ಯಾರು ಕೇಳುತ್ತಾರೆ? ಒಳಗಿನ ಚೀಟಿ ಹರಿದು ಎಸೆದರೆ ಮುಗಿಯಿತು. ಊರು ಅವರನ್ನು ಗುರುಗಳೆಂದು ಕರೆಯುತ್ತಿತ್ತು, ಮುಂದಿನ ತಿಂಗಳು ಗೋಡೆಯ ಮೇಲೆ ಹೆಸರು ಬರುವುದಿತ್ತು. ಅವರು ಪುಸ್ತಕವನ್ನು ಡಬ್ಬಿಯಲ್ಲಿ ಇಟ್ಟೂ ಬಿಟ್ಟರು. ಅಷ್ಟರಲ್ಲಿ ಸುಂದರಾಬಾಯಿ ಚಹಾ ತಂದರು.

"ಮಾರಿ ಯಾಕ ಹಿಂಗ ಆಗ್ಯದ?"

ಐವತ್ತು ವರ್ಷದ ಹತ್ತಿರದ ಸಂಸಾರ, ಸುಳ್ಳು ನಡೆಯಲಿಲ್ಲ. ಹೇಳಿದರು. ಸುಂದರಾಬಾಯಿ ಚಹಾದ ಕಪ್ಪು ಕೆಳಗಿಟ್ಟರು.

"ಮುಂಜಿವಿ ದಿನ ಬಂದಿತ್ತಲ್ಲ, ಆ ಹುಡುಗಿ ಅಲ್ಲೇನು? ನಾ ಕೂಡಿಸಿ ಊಟಕ್ಕ ಹಾಕಿದ್ದೆ. ಉಂಡು ಹೋಗೂ ಮುಂದ ನಿಮ್ಮ ಪುಸ್ತಕದ ಕಪಾಟದ ಮುಂದ ಭಾಳೊತ್ತು ನಿಂತಿದ್ಲು. ಏನು ಬೇಕಿತ್ತವಾ ಅಂದೆ. ಏನಿಲ್ಲರಿ ಅಂದ್ಲು."

ಚಹಾ ಅಲ್ಲಿಯೇ ಆರಿತು. ಮೂವತ್ತೈದು ವರ್ಷ ವೇದಿಕೆಯ ಮೇಲೆ ನಿಂತು ತಾನು ಹೇಳಿದ್ದು ಯಾವ ಕಥೆ ಎಂಬುದು ತ್ರ್ಯಂಬಕ ಸರ್‌ಗೆ ಆಗ ತಿಳಿಯಿತು. ನಾಚಿಕೆಯಾಯಿತು. ವಯಸ್ಸಾದ ಮೇಲೆ ಆಗುವ ನಾಚಿಕೆ ಕೆಟ್ಟದ್ದು, ಅದನ್ನು ಕಳೆದುಕೊಳ್ಳಲು ಉಳಿದ ದಿನ ಕಡಿಮೆ. ಅವರು ಡಬ್ಬಿಯಿಂದ ಪುಸ್ತಕ ಹೊರಗೆ ತೆಗೆದರು.

ಆಕೆ ಚಚಡಿಗೆ ಮದುವೆಯಾಗಿ ಹೋದದ್ದು ಹಳೆಯ ವಿದ್ಯಾರ್ಥಿಗಳಿಗೆ ಗೊತ್ತಿತ್ತು. ಮರುದಿನ ಮುಂಜಾನೆ ಸರ್ ಬಸ್ಸು ಹಿಡಿದರು. ಕ್ಷಮೆ ಕೇಳಲು ದಾರಿಯುದ್ದಕ್ಕೂ ಮೂರು ವಾಕ್ಯ ತಯಾರು ಮಾಡಿಕೊಂಡರು, ಮೂರೂ ವ್ಯಾಕರಣಬದ್ಧವಾಗಿದ್ದವು.

ಚಚಡಿಯ ಹಳೆಯ ವಾಡೆಯ ಹಿಂದಿನ ಓಣಿಯಲ್ಲಿ ಮನೆ. ಕಟ್ಟೆಯ ಮೇಲೆ ಕನ್ನಡಕ ಹಾಕಿಕೊಂಡ ಹೆಂಗಸೊಬ್ಬಳು ಯಾರದೋ ಹೊಲದ ಉತಾರ ಪತ್ರದಲ್ಲಿ ತಪ್ಪಿದ ಹೆಸರು ತಿದ್ದಿಸಲು ಅರ್ಜಿ ಬರೆಯುತ್ತಿದ್ದಳು. ಸರ್ ಬಂದುದನ್ನು ಕಂಡು ತಟ್ಟನೆ ಎದ್ದಳು. ಅರ್ಜಿಯವನಿಗೆ ಸಂಜೆ ಬರಲು ಹೇಳಿ, ಕಾಲು ಮುಟ್ಟಲು ಬಗ್ಗಿದಳು.

"ಇವತ್ತ ಬ್ಯಾಡ ತಂಗಿ," ಎಂದು ಅವರು ಹಿಂದೆ ಸರಿದು, ಚೀಲದಿಂದ ಪುಸ್ತಕ ತೆಗೆದು ಆಕೆಯ ಕೈಗಿಟ್ಟರು.

ಗುರುಬಸವ್ವ ಹೊದಿಕೆ ಬಿಡಿಸಿದಳು. ಮೊದಲ ಪುಟ ನೋಡಲಿಲ್ಲ, ಚೀಟಿ ನೋಡಲಿಲ್ಲ, ನೇರವಾಗಿ ನಡುವೆ ತೆರೆದಳು. ಅಲ್ಲಿ ಒಂದು ಹಳೆಯ ಬಸ್ ಟಿಕೆಟು, ಆಕೆ ಆಗ ಗುರುತಿಗೆಂದು ಇಟ್ಟಲ್ಲಿಯೇ ಇತ್ತು. ಎರಡೂ ಪುಟಗಳ ಮೇಲೆ ಅದರ ಆಕಾರದ ಕಂದು ಕಲೆ ಬಿದ್ದಿತ್ತು.

"ಸರ್, ನೀವು ಇದನ್ನ ಓದಲೇ ಇಲ್ಲೇನ್ರಿ?"

ತ್ರ್ಯಂಬಕ ಸರ್ ತಮ್ಮ ಮೂರು ವಾಕ್ಯಗಳನ್ನೂ ಬದಿಗಿಟ್ಟರು. ಇಲ್ಲವೆಂದು ತಲೆಯಾಡಿಸಿದರು.

ಆಕೆ ಒಳಗಿನಿಂದ ನೀರು ತಂದುಕೊಟ್ಟು ಎದುರಿಗೆ ಕುಳಿತಳು. "ಧಾರವಾಡದಾಗ ಬಿ.ಎಡ್. ಸೀಟು ಸಿಕ್ಕಿತ್ತರಿ. ಹದಿನೈದು ದಿನದಾಗ ಟಿ.ಸಿ. ಕೊಡಬೇಕಿತ್ತು. ಮಡಿವಾಳೆಪ್ಪನವರ ಕಡೆ ನಾಕು ಸಲ ಹೋದೆ. ನಾನ ಕಳದೇನಿ ಅಂತ ಹೇಳಿದೆ. ದಿನಾ ಮುಗದ್ವು. ಅಪ್ಪ ಲಗ್ನಾ ಮಾಡಿದ."

"ನನ್ನ ಹೆಸರು ಯಾಕ ಹೇಳಲಿಲ್ಲ? ಮನೀಗೆ ಬಂದಾಗರೆ ಕೇಳಬೇಕಿತ್ತಲ್ಲ?"

"ನಿಮ್ಮ ಮನ್ಯಾಗ ಮುಂಜಿವಿ, ಮಂದಿ ತುಂಬಿತ್ತು. ಅಷ್ಟು ಮಂದಿ ಮುಂದ ಗುರುಗಳಿಗೆ, ನನ್ನ ಪುಸ್ತಕ ಕೊಡ್ರಿ ಅಂತ ಹ್ಯಾಂಗ ಕೇಳಬೇಕ್ರಿ? ಆವಾಗ ನೀವು ನನಗ ದೇವರ ಸಮಾನ ಇದ್ರಿ."

"ಸಿಟ್ಟು ಬಂದಿತ್ತೇನು?"

"ಬಂದಿತ್ತರಿ. ಹೊಲದಾಗ ಕಳೆ ತಗಿಯೂ ಮುಂದ ಗಟ್ಟ್ಯಾಗಿ ಬೈತಿದ್ದೆ. ನಮ್ಮ ಜ್ವಾಳಕ್ಕ ನಿಮ್ಮ ಹೆಸರು ಚಲೋ ಗೊತ್ತೈತಿ." ಆಕೆ ಸ್ವಲ್ಪ ನಕ್ಕಳು, ಮತ್ತೆ ನಗು ಇಳಿಯಿತು. "ಆಮ್ಯಾಲ ಹೊಲಾ, ಮಕ್ಕಳು, ಮಂದೀ ಅರ್ಜಿ. ಬಾಳೇ ಚಲೋನ ಆತು, ಸುಳ್ಳ ಯಾಕ ಹೇಳಲಿ. ಆದ್ರ ಓದಿದ್ದು ಎಲ್ಲಿ ತನಕ ಅಂತ ಯಾರರೆ ಕೇಳಿದ್ರ, ಪಿ.ಯು.ಸಿ. ಅಂತ ಹೇಳಕೋತ ಬಂದೇನಿ. ಕಾಗದ ಇಲ್ಲದ ಬಿ.ಎ. ಅಂದ್ರ ಯಾರು ನಂಬ್ತಾರ್ರಿ?"

ಬೈದಿದ್ದರೆ ಸಹಿಸಬಹುದಿತ್ತು. ಈ ಮಾತು ತ್ರ್ಯಂಬಕ ಸರ್‌ಗೆ ತಡೆಯಲಾಗಲಿಲ್ಲ. ಅವರು ಕಿಸೆಯಿಂದ ಪಟ್ಟಿ ತೆಗೆದು, ಇಪ್ಪತ್ತೈದನೆಯ ಸಾಲು ಖಾಲಿ ಇದೆಯೆಂದೂ ಅಲ್ಲಿ ಆಕೆಯ ಹೆಸರು ಬರೆಯುವುದಾಗಿಯೂ ಹೇಳಿದರು. ಬೇಡವೆನ್ನುತ್ತಾಳೆ ಎಂದು ಅವರ ಎಣಿಕೆ.

"ಬರೀರಿ. ರ‍್ಯಾಂಕು ನಾ ಓದಿ ತಗೊಂಡೇನಿ. ಆದ್ರ ಮೊದಲ ಪುಸ್ತಕ ಜಮಾ ಆಗಲಿ. ನನ್ನ ಹೆಸರಿನ ಮ್ಯಾಲ ಐತಿ, ನಾನ ಬಂದು ಕೊಡತೇನಿ." ಹೊಲದಲ್ಲಿದ್ದ ಗಂಡ ರಾಯಪ್ಪನಿಗೆ ಫೋನಿನಲ್ಲಿ ಹೇಳಿ, ಸೀರೆ ಬದಲಿಸಿ ಹೊರಟೇಬಿಟ್ಟಳು.

ಬಸ್ಸಿನಲ್ಲಿ ಆಕೆ ಪಟ್ಟಿಯನ್ನು ಪೂರಾ ಓದಿದಳು. ಮೂರನೆಯ ಹೆಸರಿನ ಹತ್ತಿರ ಬೆರಳು ನಿಂತಿತು. ಸರ್ ಮೆಲ್ಲಗೆ, "ಅದನ್ನ ಹೊಡದು ಹಾಕ್ತೀನಿ," ಅಂದರು.

"ಇರಲಿ ಬಿಡ್ರಿ. ಕಲಿಸೂದು ಚಲೋ ಕಲಿಸೀರಿ, ಅದನ್ನ ಇಲ್ಲ ಅನ್ನೂದಿಲ್ಲ. ಆದ್ರ ಆ ನಮಸ್ಕಾರದ ಕತಿ ಮತ್ತ ಹೇಳಬ್ಯಾಡ್ರಿ. ನಮ್ಮ ಓಣಿ ಹುಡುಗ್ಯಾರು ನಿಮ್ಮ ಭಾಷಣಾ ಕೇಳಿ ಬಂದು ನನಗ ಹೇಳತಿದ್ರು. ಅವತ್ತ ನನಗ ರೊಟ್ಟಿ ಸೇರತಿದ್ದಿಲ್ಲ."

ಸರ್ ಪಟ್ಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡು, ಕಾಲೇಜು ಬರುವವರೆಗೂ ಸವದತ್ತಿ ದಾರಿಯ ಹೊಲಗಳನ್ನು ನೋಡುತ್ತ ಕುಳಿತರು.

ಗ್ರಂಥಾಲಯದಲ್ಲಿ ಶ್ರದ್ಧಾ ಎಂಬತ್ತೊಂಬತ್ತರ ರಜಿಸ್ಟರು ಹುಡುಕಿ ತೆಗೆದಳು. ಗುರುಬಸವ್ವ ಪುಸ್ತಕ ಮೇಜಿನ ಮೇಲಿಟ್ಟು, ಮರಳಿಸಿದ ದಿನಾಂಕದ ಮುಂದೆ ಸಹಿ ಮಾಡಿದಳು. ಉಳಿದದ್ದು ‘ತಡವಾದ ಕಾರಣ’ ಎಂಬ ಒಂದು ಖಾನೆ. ಶ್ರದ್ಧಾ ಒಳ್ಳೆಯ ಮನಸ್ಸಿನ ಹುಡುಗಿ. "ಕಳದಿತ್ತು, ಈಗ ಸಿಕ್ಕಿತು ಅಂತ ಬರೀಲೇನ್ರಿ ಅಕ್ಕಾರ?" ಎಂದು ಪೆನ್ನು ತೆರೆದಳು. ಗುರುಬಸವ್ವ ಆ ಖಾಲಿ ಖಾನೆಯನ್ನೇ ನೋಡುತ್ತ ನಿಂತಳು. ಸರ್ ಕಡೆಗೆ ನೋಡಲಿಲ್ಲ. ಅಲ್ಲಿ ಆರೇಳು ವಿದ್ಯಾರ್ಥಿಗಳು ಓದುತ್ತಿದ್ದರು. ಸರ್ ಬಂದಿದ್ದಾರೆಂದು ತಿಳಿದು ಪ್ರಾಚಾರ್ಯ ಸಂಜೀವ ಕೂಡ ಬಾಗಿಲಿಗೆ ಬಂದು ನಿಂತಿದ್ದರು.

"ಪೆನ್ನು ಇಲ್ಲಿ ಕೊಡು," ಅಂದರು ತ್ರ್ಯಂಬಕ ಸರ್.

ತರಗತಿಯಲ್ಲಿ ಟಿಪ್ಪಣಿ ಬರೆಸುವಾಗಿನ ರೂಢಿ ಬಿಟ್ಟಿರಲಿಲ್ಲ. ಬಾಯಿಂದ ದೊಡ್ಡದಾಗಿ ಹೇಳುತ್ತಲೇ ಬರೆದರು: "ಈ ಪುಸ್ತಕವನ್ನು ವಿದ್ಯಾರ್ಥಿನಿ ಕಳೆದಿಲ್ಲ. ಎರಡು ದಿನಕ್ಕೆಂದು ನಾನು ಇಸಿದುಕೊಂಡು ಮೂವತ್ತೈದು ವರ್ಷ ಮನೆಯಲ್ಲಿಟ್ಟುಕೊಂಡೆ. ಆಕೆ ತನ್ನ ಮೇಲೆ ಹೊತ್ತುಕೊಂಡಳು. ತಪ್ಪು ನನ್ನದು." ಕೆಳಗೆ ಸಹಿ ಮಾಡಿದರು. ಓದುತ್ತಿದ್ದ ಹುಡುಗರು ತಲೆ ಎತ್ತಿದ್ದರು.

ಶ್ರದ್ಧಾ ಟಾಚಣಿ ಬಿಡಿಸಿ ಸರ್ಟಿಫಿಕೇಟನ್ನು ಎರಡೂ ಕೈಯಿಂದ ಕೊಟ್ಟಳು. ಗುರುಬಸವ್ವ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದಳು. ತಂದೆಯ ಹೆಸರಿನ ಮೇಲೆ ಬೆರಳಾಡಿಸಿದಳು. ವೀರಪ್ಪ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಮಗಳು ಪುಸ್ತಕ ಕಳೆದಳೆಂದೇ ಆತ ಕೊನೆಯವರೆಗೂ ನಂಬಿದ್ದ. ಆಕೆಗೆ ಅಳು ಬಂತು, ಸೆರಗಿನಿಂದ ಒರೆಸಿಕೊಂಡು ಕಾಗದವನ್ನು ಚೀಲದಲ್ಲಿಟ್ಟಳು. ಆಮೇಲೆ ಮೇಜಿನ ಮೇಲಿದ್ದ ಪುಸ್ತಕವನ್ನು ಮತ್ತೆ ತನ್ನ ಕಡೆ ಎಳೆದುಕೊಂಡಳು.

"ಇದನ್ನ ಒಯ್ಯತೇನ್ರಿ. ಇನ್ನೂ ನೂರಾ ಹನ್ನೊಂದು ಪುಟ ಉಳದಾವು."

ಶ್ರದ್ಧಾ ಪೇಚಿಗೆ ಸಿಕ್ಕಳು. "ಅಕ್ಕಾರ, ಹಳೇ ವಿದ್ಯಾರ್ಥಿಗಳಿಗೆ ಕಾರ್ಡು ಇಲ್ಲರಿ. ಈಗ ಓದಾಕತ್ತವರಿಗೆ, ಮತ್ತ ಮಾಸ್ತರಿಗೆ ಅಷ್ಟ. ರಿಟೈರ್ ಆದ ಮಾಸ್ತರು ಇದ್ರೂ ನಡೀತೈತಿ."

"ಹಂಗಾರ ಸರ್ ಕಾರ್ಡಿನ ಮ್ಯಾಲ ಬರಕೋ ತಂಗಿ."

ಎಲ್ಲರೂ ತ್ರ್ಯಂಬಕ ಸರ್ ಕಡೆ ನೋಡಿದರು. ಅವರು ಅಂಗಿಯ ಕಿಸೆಯಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು.

"ಎಷ್ಟ ದಿನಕ್ಕ ಅಂತ ಬರೀಲ್ರಿ?" ಶ್ರದ್ಧಾ ಕೇಳಿದಳು.

ಗುರುಬಸವ್ವ ಪುಸ್ತಕವನ್ನು ಎದೆಗವಚಿಕೊಂಡು, "ಎರಡು ದಿನಕ್ಕ," ಅಂದಳು.

ತ್ರ್ಯಂಬಕ ಸರ್ ಸಹಿ ಮಾಡಿದರು.