ಮುಂದೆ ಓಡಿದ ಚಕ್ರ

ನಮ್ಮ ಕಾರಿನ ಚಕ್ರ ನಮ್ಮನ್ನೇ ಹಿಂದೆ ಹಾಕಿ ಓಡಿತು. ಕಂಡವರಷ್ಟೇ ನಂಬಬಹುದಾದ ಮಾತು ಇದು. ಕಣ್ಣಾರೆ ಕಂಡ ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಹೊಸ ಸೀಸನ್ನಿನ ಮೊದಲ ರ‍್ಯಾಲಿ, ಅದರಲ್ಲೂ ಮೊದಲ ಹಂತ. ಓಡಿಸುತ್ತಿದ್ದವಳು ನನ್ನ ಅಕ್ಕ. ಅವಳದು ಡ್ರೈವಿಂಗ್ ಸ್ಕೂಲು. ವಾರವೆಲ್ಲ "ಕ್ಲಚ್ ಮೆಲ್ಲಗೆ ಬಿಡಿ ಅಂಕಲ್, ರಸ್ತೆ ಎಲ್ಲೂ ಓಡಿಹೋಗಲ್ಲ" ಎಂದು ಗೋಗರೆಯುವವಳು, ರಜೆ ಬಂತೆಂದರೆ ಹೆಲ್ಮೆಟ್ ಏರಿಸಿಕೊಂಡು ಮಣ್ಣಿನ ದಾರಿಯಲ್ಲಿ ಧೂಳೆಬ್ಬಿಸುತ್ತಾಳೆ. ಪಕ್ಕದಲ್ಲಿ ಕೂತು ಮುಂದಿನ ತಿರುವು ಎಂಥದ್ದೆಂದು ಓದಿ ಹೇಳುವವನು ನಾನು. ಶಾಲೆಯಲ್ಲಿ ಮಗ್ಗಿ ಹೇಳಿಸುವ ಮೇಷ್ಟ್ರ ಗಂಟಲಿಗೆ ಇಂಜಿನ್ನಿನ ಸದ್ದು ಯಾವ ಲೆಕ್ಕ?

"ಎಡ ನಾಲ್ಕು, ದಿಬ್ಬ ದಾಟಿ ಬಲ ಮೂರು, ಒಳಗೆ ಕೊಯ್ಯಬೇಡ" ಎಂದೆ. ಅಂಕಿ ಕಮ್ಮಿಯಾದಷ್ಟೂ ತಿರುವು ಬಿಗಿ, ಕೊಯ್ಯುವುದೆಂದರೆ ಒಳ ಅಂಚಿಗೆ ಒತ್ತಿ ಹೋಗುವುದು. ದಿಬ್ಬ ದಾಟಿದೆವು. ಕಾರಿನ ಎಡ ಮೂತಿ ಧಡಕ್ಕನೆ ಕುಸಿಯಿತು. ಗಾಜಿನಾಚೆ ಒಂದು ಚಕ್ರ ಯಾರ ಹಂಗೂ ಇಲ್ಲದೆ ಕುಪ್ಪಳಿಸುತ್ತ ಹೋಗಿ, ಬಲಕ್ಕೆ ತಿರುಗಬೇಕಾದಲ್ಲಿ ತಿರುಗದೆ ನೆಟ್ಟಗೆ ತಗ್ಗಿಗೆ ಹಾರಿತು.

"ಅಕ್ಕಾ, ಯಾರದೋ ಚಕ್ರ!" ಅಂದೆ. ಆಣೆ ಮಾಡಿ ಹೇಳುತ್ತೇನೆ, ಹಾಗೇ ಅಂದೆ.

ಅವಳ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕ್ ಇದೆ. ಇಲ್ಲಿಲ್ಲ. ಇಲ್ಲದ ಆ ಬ್ರೇಕನ್ನು ನಾನು ಎರಡೂ ಕಾಲಲ್ಲಿ ತುಳಿಯುತ್ತಿದ್ದೆ. ಕಾರು ನೆಲವನ್ನು ಉಳುತ್ತ ಜಾರಿ, ಚಕ್ರ ಹಾರಿದ ಅಂಚಿಗೇ ಬಂದು ನಿಂತಿತು. ನನ್ನ ಕಡೆಯ ಬಾಗಿಲಾಚೆ ನೆಲ ಕಾಣಲಿಲ್ಲ, ಮರದ ತುದಿಗಳು ಕಂಡವು.

"ಇದ್ದೀಯೇನೋ?" ಅಕ್ಕನ ಧ್ವನಿ.

"ಇದ್ದೀನಿ."

"ಕೈಕಾಲು?"

"ತಡಿ, ಎಣಿಸ್ಕೋತೀನಿ."

ಅವಳು ನಗಲಿಲ್ಲ. ಅವಳ ಬಾಗಿಲಿನಿಂದಲೇ ಇಬ್ಬರೂ ಇಳಿದೆವು. ಹಿಂದೆ ಬರುವ ಕಾರುಗಳಿಗೆ ಕಾಣುವಂತೆ ತ್ರಿಕೋನದ ಫಲಕ ಇಟ್ಟು ಬಂದು ನೋಡಿದರೆ, ಅಕ್ಕ ಚಕ್ರವಿಲ್ಲದ ಜಾಗವನ್ನೇ ದಿಟ್ಟಿಸುತ್ತ ನಿಂತಿದ್ದಾಳೆ. ಮುಖದಲ್ಲಿ ರಕ್ತವಿಲ್ಲ. ಸತ್ತು ಬದುಕಿದ ಗಾಬರಿ ಎಂದುಕೊಂಡೆ.

ಎಲ್ಲ ಕಾರುಗಳೂ ಹೋದ ಮೇಲೆ ಭಾವ ವ್ಯಾನಿಗೆ ಟ್ರೈಲರ್ ಕಟ್ಟಿಕೊಂಡು ಬಂದರು. ಭಾವನದು ಲಿಫ್ಟ್ ರಿಪೇರಿ ಕೆಲಸ. ಹೋದ ವರ್ಷ ಅಕ್ಕ ಕಾರು ಪಲ್ಟಿ ಹೊಡೆಸಿದ ಮೇಲೆ ಇವರು ಒಂದೇ ಒಂದು ಷರತ್ತಿನ ಮೇಲೆ ಮತ್ತೆ ಒಪ್ಪಿದ್ದರು: "ನಟ್ಟು ಬೋಲ್ಟು ನನ್ನದು, ಸ್ಟೀರಿಂಗ್ ನಿನ್ನದು. ನನಗೆ ಹೇಳದೆ ಒಂದು ನಟ್ಟು ಮುಟ್ಟಿದೆ ಅಂದ್ರೆ ಆ ವರ್ಷಕ್ಕೆ ಕಾರು ಶೆಡ್ಡಿಗೆ." ಅವರ ಪದ್ಧತಿಯೂ ಲಿಫ್ಟಿನದೇ. ಚಕ್ರ ಹಾಕಿ, ಜ್ಯಾಕ್ ಇಳಿಸಿ, ನೆಲದ ಮೇಲೆ ನಿಂತ ಕಾರಿನ ನಟ್ಟನ್ನು ಸ್ಪ್ಯಾನರ್ 'ಕಟಕ್' ಅನ್ನುವವರೆಗೆ ಬಿಗಿಯಬೇಕು. ಆಮೇಲಷ್ಟೇ ನಟ್ಟಿನಿಂದ ಚಕ್ರಕ್ಕೆ ಹಳದಿ ಪೇಂಟ್ ಪೆನ್ನಿನಲ್ಲಿ ಗೆರೆ. ಗೆರೆ ಇದ್ದರೆ ಮುಗಿಯಿತು, ಇನ್ನು ಕೇಳುವಂತಿಲ್ಲ. ಬೆಳಿಗ್ಗೆ ಹೊರಡುವಾಗಲೂ ಒಂದು ಸುತ್ತು ಹಾಕಿ, ನಾಲ್ಕೂ ಚಕ್ರದ ಗೆರೆ ನೋಡಿ, ಬಾನೆಟ್ ತಟ್ಟಿ ಕಳಿಸಿದ್ದರು.

ಈಗ ಅವರು ಮೊದಲು ಅಕ್ಕನ ಭುಜ ಹಿಡಿದು ನೋಡಿದರು. ಆಮೇಲೆ ನನ್ನ ತಲೆ ಸವರಿದರು. ಆಮೇಲೆ ಕಾರಿನ ಹತ್ತಿರ ಹೋದವರು ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತರು.

"ನಾನೇ ಬಿಗಿದಿದ್ದು," ಅಂದರು. "ಕಟಕ್ ಅಂದಿದ್ದು ಕಿವಿಯಲ್ಲಿ ಇನ್ನೂ ಇದೆ."

"ಭಾವ, ಏಳಿ, ಏನೂ ಆಗಿಲ್ವಲ್ಲ..."

"ಆಗಿಲ್ವಾ? ನಾನು ಬಿಗಿದ ನಟ್ಟು ನಂಬ್ಕೊಂಡು ಎಷ್ಟು ಜನ ಮೇಲಕ್ಕೂ ಕೆಳಕ್ಕೂ ಓಡಾಡ್ತಾರೆ ಗೊತ್ತೇನಯ್ಯಾ? ಆಸ್ಪತ್ರೆ ಲಿಫ್ಟು ನನ್ನದು. ನಾಳೆ ಅದಕ್ಕೆ ಹೇಗೆ ಕೈ ಹಾಕ್ಲಿ?" ಎರಡೂ ಅಂಗೈ ಮುಂದೆ ಚಾಚಿ, ಬೇರೆ ಯಾರದೋ ಕೈ ನೋಡುವಂತೆ ನೋಡಿದರು. "ಕೆಲಸ ಬಿಡೋದೇ ಸರಿ."

ಅಕ್ಕ ಹೆಲ್ಮೆಟ್ ಕೆಳಗಿಟ್ಟಳು.

"ರೀ, ಅದು ನೀವು ಬಿಗಿದಿದ್ದಲ್ಲ. ಬೆಳಿಗ್ಗೆ ನೀವು ಪೆಟ್ರೋಲ್ ತರೋಕೆ ಹೋಗಿದ್ರಲ್ಲ, ಆಗ ನಾನು ಈ ಚಕ್ರ ಬಿಚ್ಚಿದೆ. ಬ್ರೇಕಲ್ಲಿ ಕಲ್ಲು ಕೂತು ಕಿರ್ ಅಂತಿತ್ತು. ಕಲ್ಲು ತೆಗೆದು, ನಟ್ಟು ಕೈಯಲ್ಲೇ ತಿರುಗಿಸಿ ಹಾಕಿದೆ. ಇಳಿಸಿದ್ಮೇಲೆ ಬಿಗಿಯೋಣ ಅಂತ."

ನಾನು ಆಗ ನಮ್ಮ ಕಾರು ಹೊರಡುವ ಸಮಯದ ಚೀಟಿ ತರಲು ಸಾಲಿನಲ್ಲಿ ನಿಂತಿದ್ದೆ. ಇದ್ಯಾವುದೂ ನನಗೆ ಗೊತ್ತಿರಲಿಲ್ಲ.

ಭಾವ ತಲೆ ಎತ್ತಿದರು. "ಗೆರೆ ಇತ್ತು. ನಾನು ನೋಡಿದೆ."

"ನಾನೇ ಎಳೆದೆ. ಹಳೇದು ಒರೆಸಿ, ಜ್ಯಾಕ್ ಮೇಲಿದ್ದಾಗಲೇ ಎಳೆದ್ಬಿಟ್ಟೆ. ನೀವು ಬಂದ್ರೆ ರಂಪ ಆಗುತ್ತೆ ಅಂತ. ಕಾರು ಇಳಿಸೋದಕ್ಕೂ ನಮ್ಮ ನಂಬರ್ ಕೂಗೋದಕ್ಕೂ ಸರಿಹೋಯ್ತು. ಹೆಲ್ಮೆಟ್ ತರೋಕೆ ಓಡಿದೆ, ಬಿಗಿಯೋದು ಮರೆತೇಹೋಯ್ತು."

ಭಾವ ಅವಳನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ಪ್ರೀತಿ ಇತ್ತು. ಅದನ್ನೇ ನನಗೆ ತಡೆಯಲಾಗಲಿಲ್ಲ. "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ್ವೇ," ಅಂದರು. "ನೀನು ಹಂಗೆ ಮಾಡೋಳಲ್ಲ. ತಮ್ಮ ಕೂತಿರೋ ಕಾರಲ್ಲಿ."

ಅಕ್ಕ ಹೋಗಿ ವ್ಯಾನಿನಿಂದ ಹಗ್ಗ ತಂದಳು.

ಕತ್ತಲಾಗುವುದರೊಳಗೆ ಕಾರು ಟ್ರೈಲರ್ ಏರಬೇಕಿತ್ತು. ಹಗ್ಗ ಕಟ್ಟಿ ವ್ಯಾನಿನಿಂದ ಅದನ್ನು ದಾರಿಯ ಮಧ್ಯಕ್ಕೆ ಎಳೆದುಕೊಂಡೆವು. ಬೇರೆ ಚಕ್ರ ಇತ್ತು. ನಟ್ಟುಗಳು ಮಾತ್ರ ಧೂಳುಪಾಲು. ಇಂಥ ಹೊತ್ತಲ್ಲಿ ಉಳಿದ ಮೂರು ಚಕ್ರಗಳಿಂದ ಒಂದೊಂದು ನಟ್ಟು ಬಿಚ್ಚಿ ಇದಕ್ಕೆ ಹಾಕುವುದು ರೂಢಿ. ಭಾವ ಬಲಗಡೆಯ ಚಕ್ರಕ್ಕೆ ಸ್ಪ್ಯಾನರ್ ಹಾಕಿ ಒತ್ತಿದರು. ಅಲುಗಲಿಲ್ಲ. ಎದ್ದು ನಿಂತು, ಮೈಭಾರವನ್ನೆಲ್ಲ ಕಾಲಿಗೆ ತಂದು ತುಳಿದರು. ಕೀಚ್ ಎಂದು ಚೀರಿ ಬಿಟ್ಟುಕೊಂಡಿತು. ಹಿಂದಿನ ಚಕ್ರ, ಮತ್ತೆ ಅದೇ ಚೀರು. ಇನ್ನೊಂದು, ಅದೂ ಹಾಗೆಯೇ. ಮೂರು ನಟ್ಟುಗಳನ್ನು ಅಂಗೈಯಲ್ಲಿ ಹಿಡಿದು ಭಾವ ನಿಂತೇ ಇದ್ದರು. ಅವರು ಬಿಗಿದ ಒಂದು ನಟ್ಟೂ ಸಡಿಲಾಗಿರಲಿಲ್ಲ. ಮುಖ ಮಾತ್ರ ಮೊದಲಿಗಿಂತ ಬಿಳಿಚಿತ್ತು.

"ನಿಜಾನಾ?" ಅಂದರು.

"ನಿಜ," ಅಂದಳು ಅಕ್ಕ.

ಬೈದರೆ ಬದುಕಿದೆವು ಎಂದು ನಾನು ಕಾದೆ. ಬೈಯಲಿಲ್ಲ. ಚಕ್ರ ಏರಿಸಿ, ನಟ್ಟುಗಳನ್ನು ಕೈಯಲ್ಲಿ ತಿರುಗಿಸಿ, ಜ್ಯಾಕ್ ಇಳಿಸಿ, ಸ್ಪ್ಯಾನರನ್ನು ಅವಳ ಕೈಗಿಟ್ಟರು.

"ಬಿಗಿ."

ಅಕ್ಕ ಬಿಗಿದಳು. ಕಟಕ್. ಕಟಕ್. ಕಟಕ್.

"ಈ ವರ್ಷ ಕಾರು ಶೆಡ್ಡಿಗೆ," ಅಂದರು ಭಾವ.

"ಹೂಂ."

"ಮುಂದಿನ ವರ್ಷದ್ದು ಆಮೇಲೆ ನೋಡೋಣ." ಜೇಬಿನಿಂದ ಹಳದಿ ಪೆನ್ನು ತೆಗೆದು ಅದನ್ನೂ ಅವಳ ಕಡೆಗೆ ಚಾಚಿದರು. "ಗೆರೆ ನೀನೇ ಎಳಿ. ಆದ್ರೆ ಎಳೆಯೋಕೆ ಮುಂಚೆ, ಒಳಗೆ ಯಾರು ಕೂತಿರ್ತಾರೆ ಅಂತ ಒಂದ್ಸಲ ನೋಡು."

ಅಕ್ಕ ಪೆನ್ನಿನ ಮುಚ್ಚಳ ತೆಗೆದು, ಮೊಣಕಾಲೂರಿ ಕೂತಳು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. ಚಕ್ರ ಹಾರಿದಾಗ ಅಳದವಳು ಈಗ ಅಳುತ್ತ, ಗೆರೆ ಎಳೆಯಲಾರದೆ ಕೂತೇ ಇದ್ದಳು.