ಅಣ್ಣಾ ಎನ್ನುತ್ತಿದ್ದವಳು

ಪಾದ್ರಿ ಯೋಹಾನಪ್ಪನವರ ಬಿಳಿ ನಿಲುವಂಗಿಯ ತೋಳಿಗೆ ಕಪ್ಪು ದಾರವೊಂದು ಹತ್ತಿಕೊಂಡಿದೆ, ಅವರು ಕೈ ಎತ್ತಿದಾಗಲೆಲ್ಲ ಅದೂ ಏಳುತ್ತದೆ, ಯಾರಾದರೂ ಹೇಳಬಾರದೇ, ಪಕ್ಕದಲ್ಲಿ ಹೆಂಡತಿ ಸುಗುಣಾ ಕಣ್ಣು ಮುಚ್ಚಿ ಕೂತಿದ್ದಾಳೆ, ನಿನ್ನೆ ವಾಡಿಗೆ ಹೋಗಿ ಏನು ಹೇಳಿ ಬಂದೆ ಎಂದು ಇನ್ನೂ ಕೇಳಿಲ್ಲ, ನನ್ನ ಮುಖ ನೋಡಿ ತಟ್ಟೆ ಇಟ್ಟಳು, ತಿನ್ನದೆ ಎದ್ದಾಗ ತಟ್ಟೆ ತೆಗೆದಳು — ಇವತ್ತು ಕರ್ತನ ಭೋಜನದ ಭಾನುವಾರ, ಯೇಸುವಿನ ಮೇಜಿನ ರೊಟ್ಟಿ ತೆಗೆದುಕೊಳ್ಳುವ ದಿನ, ಶಹಾಬಾದಿನ ನಮ್ಮ ಸಭೆಯೆಲ್ಲ ಇಲ್ಲಿದೆ, ಕಲ್ಲು ಒಡೆಯುವವರು, ಕಲ್ಲು ಉಜ್ಜುವವರು, ಎಷ್ಟು ತಿಕ್ಕಿ ತೊಳೆದರೂ ಉಗುರ ಸಂದಿಯಲ್ಲಿ ಉಳಿಯುವ ಬಿಳಿ ಪುಡಿ, ನಮ್ಮ ಬದಲಿಗೆ ಒಬ್ಬಾತ ಸತ್ತ ಎನ್ನುತ್ತಿದ್ದಾರೆ ಪಾದ್ರಿಗಳು, ನಾವು ನಿಲ್ಲಬೇಕಾದ ಜಾಗದಲ್ಲಿ ಆತ ನಿಂತ, ಇದೇ ಮಾತನ್ನು ನಾನೂ ಎಷ್ಟು ಸಲ ಹೇಳಿದ್ದೇನೆ, ಚಿತ್ತಾಪುರದ ಸಂತೆಯಲ್ಲಿ, ಕೋಡ್ಲಾದ ಬೇವಿನ ಕಟ್ಟೆಯ ಮೇಲೆ, ಜನ ಅಳುತ್ತಿದ್ದರು, ನಾನೂ ಅಳುತ್ತಿದ್ದೆ, ದೇವದಾನಪ್ಪ ಸಾಕ್ಷಿ ಹೇಳಿದರೆ ಎಂಥವರ ಎದೆಯೂ ಕರಗುತ್ತದೆ ಎಂದು ನನಗೆ ಹೆಸರಾಯಿತು, ಯಾರಿಗೆ ಗೊತ್ತಿತ್ತು, ಒಬ್ಬಾತ ಸತ್ತ ಎಂದಾಗಲೆಲ್ಲ ನನ್ನ ಕಣ್ಣ ಮುಂದೆ ಶಿಲುಬೆ ಬರುತ್ತಿರಲಿಲ್ಲ, ಮಜೀದಸಾಬ ಬರುತ್ತಿದ್ದ.

ಮಜೀದಸಾಬ ಮೇಸ್ತ್ರಿ, ಖಣಿಯಲ್ಲಿ ನನಗೆ ಕಲ್ಲಿನ ಪದರು ಗುರುತಿಸಲು ಕಲಿಸಿದವನು, ಕಿವಿಯಿಟ್ಟು ಕೇಳು, ಕಲ್ಲು ಎಲ್ಲಿ ಬಿಡ್ತದ ತಾನೇ ಹೇಳ್ತದ ಎನ್ನುತ್ತಿದ್ದವನು, ರಜಾಕಾರರ ಕಾಲದಲ್ಲಿ ಅವರ ಕಡೆ ಮುಖ ಹಾಕಿದವನಲ್ಲ, ಆದರೆ ನಿಜಾಮನ ರಾಜ್ಯ ಬಿದ್ದ ಆ ವಾರ ಅದನ್ನೆಲ್ಲ ಕೇಳುವವರು ಯಾರು, ಪರವೂರಿನ ಗುಂಪು ಮುಸಲ್ಮಾನರನ್ನು ಹುಡುಕಿಕೊಂಡು ಬರುತ್ತಿದೆ ಎಂದಾಗ ನಾನೇ ಅವನನ್ನು ಗೋಡೆಗೆ ಒರಗಿಸಿಟ್ಟ ಹಾಸುಗಲ್ಲುಗಳ ಹಿಂದೆ ಕೂರಿಸಿದೆ, ನಾನೇ ಮೇಲೆ ಗೋಣಿತಟ್ಟು ಎಳೆದೆ, ಅಷ್ಟು ಖರೆ, ಆಮೇಲೆ ಅವರು ಬಂದರು, ಕೊಡಲಿ, ಬಡಿಗೆ, ಹದಿನೈದು ದಿನ ಜ್ವರದಲ್ಲಿ ಮಲಗಿ ನನಗೆ ಗಡ್ಡ ಬೆಳೆದಿತ್ತು, ಅದನ್ನೇ ಹಿಡಿದು ಎಳೆದರು, ಇವನೂ ಅವರವನೇ ಅಂದ ಒಬ್ಬ, ನಾ ಅಲ್ರೀ, ನಾ ಯೇಸುವಿನವ, ಕೊರಳಿನ ಶಿಲುಬೆ ತೋರಿಸಿದೆ, ಎಳೆದ ರಭಸಕ್ಕೆ ದಾರ ಹರಿಯಿತು, ಹಂಗಾದ್ರ ಮೇಸ್ತ್ರಿ ಎಲ್ಲಿದ್ದಾನ ಹೇಳು, ಇಲ್ಲಾಂದ್ರ ನೀನೇ ಸೈ — ನಾನು ಹೇಳಲಿಲ್ಲ, ಬೆರಳೂ ತೋರಿಸಲಿಲ್ಲ, ನೋಡಿದೆ, ಅಷ್ಟೇ, ಆ ಕಲ್ಲುಗಳ ಕಡೆ ಒಮ್ಮೆ ನೋಡಿದೆ, ಕೊಡಲಿ ಹಿಡಿದವನು ನನ್ನ ಕಣ್ಣನ್ನೇ ನೋಡುತ್ತಿದ್ದ, ಕಣ್ಣು ತಾನಾಗಿ ಹೋಯಿತು ಎಂದು ನಾಲ್ಕು ವರ್ಷ ಹೇಳಿಕೊಂಡೆ, ಕಣ್ಣು ತಾನಾಗಿ ಹೋಗುವುದಿಲ್ಲ, ಬದುಕುವ ಆಸೆ ಅದನ್ನು ಅಲ್ಲಿಗೆ ಒಯ್ಯಿತು, ಹೀಗೆ ನನ್ನ ಬದಲಿಗೆ ಒಬ್ಬ ಸತ್ತ.

ಅವನ ಹೆಣವನ್ನು ಬಂಡಿಯಲ್ಲಿ ಮನೆಗೆ ಒಯ್ದವನೂ ನಾನೇ, ಅವನ ಹೆಂಡತಿ ಹಮೀದಾಬೇಗಂ ಹೊಸ್ತಿಲಲ್ಲಿ ನಿಂತಿದ್ದಳು, ಉಳಿಸ್ಲಿಕ್ಕೆ ಆಗಲಿಲ್ಲವ್ವಾ ಅಂದೆ, ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ, ನೀ ಇರಲಿಲ್ಲಂದ್ರ ಅವರಿಗೆ ಮಣ್ಣು ಸಹ ಸಿಗ್ತಿದ್ದಿಲ್ಲ ಅಣ್ಣಾ ಎಂದು ನನ್ನ ಕೈ ಹಿಡಿದು ಅತ್ತಳು, ಅವತ್ತಿನಿಂದ ನಾನು ಅಣ್ಣ, ಅವಳು ವಾಡಿಯಲ್ಲಿ ತನ್ನ ತಂಗಿಯ ಮನೆಗೆ ಹೋಗಿ ನೆಲೆಸಿದಳು, ತಿಂಗಳಿಗೊಮ್ಮೆ ಜೋಳ ಹೊತ್ತು ಹೋಗುತ್ತಿದ್ದೆ, ಚಹಾ ಕೊಡುತ್ತಿದ್ದಳು, ನಮಾಜಿನಾಗ ನಿನ್ನ ಹೆಸರು ಬಿಡೂದಿಲ್ಲ ಅಣ್ಣಾ ಎನ್ನುತ್ತಿದ್ದಳು, ನಾನು ಆ ಚಹಾ ಕುಡಿಯುತ್ತಿದ್ದೆ, ಕಡೆಗೆ ಹೋದ ವಾರ ಪಾದ್ರಿಗಳ ಮುಂದೆ ಮೊಣಕಾಲೂರಿ ಎಲ್ಲ ಹೇಳಿಬಿಟ್ಟೆ, ಕರ್ತ ನಿನ್ನ ಮಾಫ್ ಮಾಡ್ಯಾನ ದೇವದಾನಾ, ಅದ್ರಾಗ ಅನುಮಾನ ಬ್ಯಾಡ, ಆದ್ರ ಆಕಿಗೆ ಹೇಳದ ಆತನ ಮೇಜಿಗೆ ಹ್ಯಾಂಗ ಬರ್ತಿ ಅಂದರು, ಸರಿ ಅನಿಸಿತು, ಹಗುರ ಕೂಡ ಅನಿಸಿತು, ಆ ಹಗುರವೇ ನನ್ನನ್ನು ವಾಡಿಗೆ ಒಯ್ಯಿತು, ಅದೇ ತಪ್ಪೇನೋ.

ನಿನ್ನೆ ಮಧ್ಯಾಹ್ನ ಹಮೀದಾಬೇಗಂ ಪಡಸಾಲೆಯಲ್ಲಿ ಕೂತಿದ್ದಳು, ಹೋದ ತಿಂಗಳು ನಾನು ಕೊಟ್ಟಿದ್ದ ಜೋಳವನ್ನೇ ಮೊರಕ್ಕೆ ಸುರಿದುಕೊಂಡು ಹರಳು ಆರಿಸುತ್ತಿದ್ದಳು, ಕುಂದ್ರು ಅಣ್ಣಾ, ಬಿಸಲಾಗ ಯಾಕ ಬಂದಿ, ಕೂರಲಿಲ್ಲ, ನಿಂತೇ ಹೇಳಿದೆ, ಗೋಣಿತಟ್ಟು, ಗಡ್ಡ, ಹರಿದ ದಾರ, ನನ್ನ ಕಣ್ಣು, ಒಂದನ್ನೂ ಬಿಡಲಿಲ್ಲ, ಹೇಳುತ್ತ ಹೇಳುತ್ತ ಅವಳ ಮುಖ ನೋಡಲಾಗದೆ ಕೈಯನ್ನು ನೋಡಿದೆ, ಆ ಕೈ ಒಂದು ಹರಳು ಹೆಕ್ಕಿ ಮೇಲಕ್ಕೆತ್ತಿತ್ತು, ಅಲ್ಲೇ ನಿಂತಿತು, ಅಳುತ್ತಾಳೆಂದುಕೊಂಡೆ, ಬಯ್ಯುತ್ತಾಳೆಂದುಕೊಂಡೆ, ಬಯ್ದಿದ್ದರೆ ಕಾಲು ಹಿಡಿಯುತ್ತಿದ್ದೆ, ಆ ನಿಂತ ಕೈಯನ್ನು ನೋಡಲಾರದೆ ಕರ್ತ ನನ್ನ ಮಾಫ್ ಮಾಡ್ಯಾನ, ನೀನೂ ಮಾಡು ತಂಗೀ ಅಂದೆ, ಯಾಕೆ ಅಂದೆನೋ, ಆಗ ಕತ್ತೆತ್ತಿದಳು, ನಿಮ್ಮ ದೇವರು ಮಾಫ್ ಮಾಡ್ಯಾನಂದ್ರಿ, ನನಗೊಂದು ಮಾತು ಕೇಳಿದ್ನೇನ್ರಿ — ನಾಲ್ಕು ವರ್ಷ ನೀ ಎನ್ನುತ್ತಿದ್ದವಳು ನೀವು ಎಂದಳು, ದನಿ ಏರಿಸಲಿಲ್ಲ, ನನ್ನ ಗಂಡನ್ನ ಅವರು ಒಯ್ದ್ರು, ಇದ್ದ ಒಬ್ಬ ಅಣ್ಣನ್ನ ಇವತ್ತ ನೀವು ಒಯ್ದ್ರಿ, ಹೋಗ್ರಿ, ಮುಂದಿನ ತಿಂಗಳ ಬರಬ್ಯಾಡ್ರಿ, ಅಷ್ಟೇ, ರೈಲು ಹಳಿಗುಂಟ ಶಹಾಬಾದಿನವರೆಗೆ ನಡೆದು ಬಂದೆ, ಯಾರಿಗಾಗಿ ಹೋಗಿದ್ದೆ, ಅವಳಿಗೆ ಸತ್ಯ ಸಲ್ಲಬೇಕೆಂದೋ ಅಥವಾ ಈ ಮೇಜಿನ ರೊಟ್ಟಿ ನನಗೆ ಬೇಕೆಂದೋ, ಪ್ರೀತಿಸು ಎಂದಾತ ಇದನ್ನು ಹೇಗೆ ನೋಡುತ್ತಾನೆ, ನನ್ನ ಹೊರೆ ಇಳಿಸಲು ಹೋಗಿ ಅವಳ ತಲೆಯ ಮೇಲಿಟ್ಟು ಬಂದೆ — ಜನ ಏಳುತ್ತಿದ್ದಾರೆ, ಸಾಲು ಮುಂದೆ ಹೋಗುತ್ತಿದೆ, ಹಾಡು ಶುರುವಾಗಿದೆ, ಸುಗುಣಾ ಮೊಣಕೈ ಮುಟ್ಟುತ್ತಾಳೆ, ಏಳ್ರಿ, ನೀ ಹೋಗಿ ಬಾ ಎನ್ನುತ್ತೇನೆ, ನನ್ನ ಮುಖ ನೋಡಿ ಒಬ್ಬಳೇ ಹೋಗುತ್ತಾಳೆ, ಮೊಣಕಾಲೂರಿದವರು ಏಳುತ್ತಾರೆ, ಬೇರೆಯವರು ಊರುತ್ತಾರೆ, ಪಾದ್ರಿಗಳು ರೊಟ್ಟಿಯ ತಟ್ಟೆ ಹಿಡಿದು ನನ್ನ ಬೆಂಚಿನ ಕಡೆಗೇ ನೋಡುತ್ತಿದ್ದಾರೆ, ಕಾಯುತ್ತಿದ್ದಾರೆ, ಕರ್ತನೂ ಕಾಯುತ್ತಾನೆ ಎಂದು ನಾನೇ ಕೋಡ್ಲಾದಲ್ಲಿ ಹೇಳಿದ್ದೆ, ಏಳಬೇಕು, ಏಳುವುದಕ್ಕಾಗುತ್ತಿಲ್ಲ, ಕಣ್ಣು ಮುಚ್ಚಿದರೆ ಮೊರ, ಮೊರದ ಮೇಲೆ ಆ ಕೈ, ಎರಡು ಬೆರಳ ನಡುವೆ ಹರಳು, ಆಚೆ ಎಸೆಯಲಿಲ್ಲ ಅವಳು, ಮೊರಕ್ಕೂ ಬಿಡಲಿಲ್ಲ, ನಾನು ಅಂಗಳ ದಾಟಿ ತಿರುಗಿ ನೋಡಿದಾಗಲೂ ಆ ಕೈ ಹಾಗೆಯೇ ಇತ್ತು, ಮೊರದ ಮೇಲೆ, ಎರಡು ಬೆರಳ ನಡುವೆ ಹರಳು, ಎರಡು ಬೆರಳ ನಡುವೆ